ಇನ್ನೊಂದು ಕಾಯಿ

ಆ ಯಂತ್ರಕ್ಕೆ ಚದುರಂಗದ ಮೇಲೆ ಯಾವ ದ್ವೇಷವೂ ಇರಲಿಲ್ಲ. ಅದನ್ನು ಕಟ್ಟಿದವರಿಗಂತೂ ಚದುರಂಗ ಜ್ಞಾಪಕದಲ್ಲೂ ಇರಲಿಲ್ಲ. ಹೊಸ ಔಷಧಿಗಳನ್ನು ಹುಡುಕಲೆಂದು ಕಟ್ಟಿದ ಯಂತ್ರ ಅದು. ಲೆಕ್ಕವಿಲ್ಲದಷ್ಟು ಅಣುಗಳ ಜೋಡಣೆಗಳಲ್ಲಿ ಯಾವುದು ಯಾವ ರೋಗಾಣುವನ್ನು ಅಡಗಿಸುತ್ತದೆ ಎಂದು ಹೇಳುವುದು ಅದರ ಕೆಲಸ. ಕೆಲಸಕ್ಕೆ ಹಚ್ಚುವ ಮೊದಲು ಕೈ ಪಳಗಲಿ ಎಂದು ಯಾರೋ ಒಂದು ಅಭ್ಯಾಸ ಕೊಟ್ಟರು. ಎರಡೇ ನಡೆಯಲ್ಲಿ ಬಿಡಿಸುವ ಚದುರಂಗದ ಸಮಸ್ಯೆಗಳು ಎಷ್ಟು ಸಾಧ್ಯವೋ ಅಷ್ಟನ್ನೂ ಕಟ್ಟಿಡು ಎಂದರು. ಅದು ಕಟ್ಟಿಟ್ಟಿತು. ಹೊಸ ಕತ್ತರಿಯ ಹರಿತ ನೋಡಲು ಹಳೇ ಬಟ್ಟೆಯ ಮೇಲೆ ಆಡಿಸುತ್ತೇವಲ್ಲ, ಹಾಗೆ. ಆ ಬಟ್ಟೆಯನ್ನು ಇನ್ನೂ ಉಟ್ಟುಕೊಂಡವರಿದ್ದಾರೆ ಎಂದು ಅವರಿಗೆ ಹೊಳೆಯಲಿಲ್ಲ. ಉಟ್ಟುಕೊಂಡವರಲ್ಲಿ ನನ್ನ ಗಂಡ ಮುನಿರಾಜು ಒಬ್ಬರು.

ಇವರದು ರಾಬರ್ಟ್‌ಸನ್‌ಪೇಟೆಯಲ್ಲಿ ಕನ್ನಡಕದ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ಗಿರಾಕಿಗಳಿಲ್ಲದಾಗ ಕೌಂಟರಿನ ಮೇಲೆ ಹಲಗೆ ಇಟ್ಟುಕೊಂಡು ಕೂರುವುದು ಇವರ ಚಟ. ಚದುರಂಗ ಆಡುತ್ತಾರೆ ಎಂದುಕೊಳ್ಳಬೇಡಿ. ಆಡಲು ಕೂತರೆ ಪಕ್ಕದ ಸಲೂನಿನವನೂ ಇವರನ್ನು ಸೋಲಿಸುತ್ತಾನೆ. ಇವರು ಸಮಸ್ಯೆ ಕಟ್ಟುವವರು. ಆ ಕುಲವೇ ಬೇರೆ. ಹಲಗೆಯ ಮೇಲೆ ಕೆಲವು ಕಾಯಿಗಳನ್ನು ಜೋಡಿಸಿ, ಬಿಳಿ ಮೊದಲು ನಡೆಯಬೇಕು, ಕಪ್ಪು ಏನೇ ಮಾಡಲಿ, ಎರಡನೇ ನಡೆಗೆ ಕಪ್ಪು ರಾಜ ಸಿಕ್ಕಿಬೀಳಬೇಕು ಎಂದು ಸವಾಲು ಹಾಕುವುದು ಇವರ ಕಸುಬು. ಅದನ್ನು ಬಿಡಿಸಲು ಬೇರೆ ಊರುಗಳಲ್ಲಿ ಇನ್ನೊಂದಷ್ಟು ಜನ ತಲೆ ಕೆಡಿಸಿಕೊಳ್ಳುತ್ತಾರೆ. ಗೆದ್ದರೆ ಏನು ಸಿಗುತ್ತದೆ ಎಂದು ಮದುವೆಯಾದ ಹೊಸದರಲ್ಲಿ ಕೇಳಿದ್ದೆ. ಏನೂ ಸಿಗುವುದಿಲ್ಲ ಎಂದು ಬಹಳ ಹೆಮ್ಮೆಯಿಂದ ಹೇಳಿದ್ದರು.

ಈ ಜನಕ್ಕೆ ಎರಡು ಕಟ್ಟಳೆಗಳಿವೆ. ಸಮಸ್ಯೆಯ ಮೊದಲ ನಡೆ ಒಂದೇ ಇರಬೇಕು. ಕಟ್ಟಿದವನಿಗೆ ಗೊತ್ತಿಲ್ಲದ ಇನ್ನೊಂದು ನಡೆಯಿಂದಲೂ ರಾಜ ಸಿಕ್ಕಿಬಿದ್ದರೆ ಇಡೀ ಕಟ್ಟಡವೇ ಬಿದ್ದಹಾಗೆ. ಅಂಥ ಎರಡನೆಯ ನಡೆಯನ್ನು ನಮ್ಮ ಮನೆಯಲ್ಲಿ ಕಳ್ಳದಾರಿ ಎನ್ನುತ್ತಿದ್ದೆವು. ಎರಡನೆಯ ಕಟ್ಟಳೆ, ಅದೇ ಸಮಸ್ಯೆಯನ್ನು ಹಿಂದೆ ಯಾರೂ ಕಟ್ಟಿರಬಾರದು. ನೂರು ವರ್ಷದ ಹಿಂದೆ ಯಾವುದೋ ದೇಶದ ಪಾದ್ರಿ ಕಟ್ಟಿದ್ದ ಎಂದು ಗೊತ್ತಾದರೆ ಅದು ಆ ಪಾದ್ರಿಯದು. ಇವರು ತಲೆ ಬಗ್ಗಿಸಿ ಒಪ್ಪಿಕೊಂಡು ಹೊಸದಕ್ಕೆ ಕೂರುತ್ತಿದ್ದರು. ಯಂತ್ರ ಬಂದಮೇಲೆ ಆ ಎರಡನೆಯ ಕಟ್ಟಳೆಯೇ ಎಲ್ಲರ ಕೊರಳಿಗೆ ಉರುಳಾಯಿತು.

ಯಂತ್ರ ಇರುವುದು ನಮ್ಮೂರಿನಲ್ಲೇ, ಮುಚ್ಚಿದ ಚಿನ್ನದ ಗಣಿಯ ಆಳದಲ್ಲಿ. ಆಕಾಶದಿಂದ ಕಣ್ಣಿಗೆ ಕಾಣದ ಕಣಗಳು ಸದಾ ಸುರಿಯುತ್ತವಂತೆ. ಅವು ತಾಕಿದರೆ ಅದರ ಲೆಕ್ಕ ಒಡೆದುಹೋಗುತ್ತದಂತೆ. ಹೆಪ್ಪು ಹಾಕಿದ ಹಾಲನ್ನು ಅಲುಗಾಡಿಸಿದರೆ ಮೊಸರಾಗುವುದಿಲ್ಲವಲ್ಲ, ಅಂಥ ಸೂಕ್ಷ್ಮದ ಯಂತ್ರ. ಮೇಲೆ ಅಷ್ಟು ಬಂಡೆ ಇದ್ದರೆ ಯಾವ ಕಣವೂ ಕೆಳಗಿಳಿಯುವುದಿಲ್ಲ. ಅದು ನಮ್ಮ ಹಾಗೆ ಒಂದೊಂದೇ ನಡೆ ಯೋಚಿಸುವುದಿಲ್ಲ, ರಾಜ ಸಿಕ್ಕಿಬಿದ್ದ ಕೊನೆಯ ಗಳಿಗೆಯಿಂದ ಎಲ್ಲ ದಾರಿಗಳಲ್ಲೂ ಒಟ್ಟಿಗೇ ಹಿಂದಕ್ಕೆ ನಡೆಯುತ್ತದೆ ಎಂದು ಇವರು ನನಗೆ ವಿವರಿಸಿದ್ದರು. ನಾನು ಹುರುಳಿಕಾಯಿ ಸೋಸುತ್ತಿದ್ದೆ. ಹಾಗಾದರೆ ಅದರ ಹತ್ತಿರ ಇಲ್ಲದ್ದು ಯಾವುದು ಎಂದು ಕೇಳಿದೆ. ಸರಿಯಾದದ್ದು ಒಂದೂ ಬಿಟ್ಟಿಲ್ಲ ಎಂದರು. ಅಂದು ಊಟಕ್ಕೆ ಏಳಲಿಲ್ಲ.

ಇನ್ನು ನಮ್ಮ ಇಂಚರಳ ವಿಷಯ ಹೇಳಬೇಕು. ಹೇಳದೆ ಮುಂದೆ ಹೋಗುವ ಹಾಗಿಲ್ಲ.

ನಮಗೆ ಒಬ್ಬಳೇ ಮಗಳು. ಅಪ್ಪನ ಚಟ ಅವಳಿಗೂ ಅಂಟಿತ್ತು. ಕಾಲೇಜಿನಿಂದ ಬಂದವಳೇ ಕೌಂಟರಿನ ಆ ಕಡೆ ಅಪ್ಪ, ಈ ಕಡೆ ಇವಳು. ಇಬ್ಬರ ನಡುವೆ ನಾನು ಕಾಫಿ ಇಟ್ಟರೆ ಅದನ್ನೂ ಒಂದು ಕಾಯಿ ಎಂಬಂತೆ ಸರಿಸುತ್ತಿದ್ದರು. ಅವಳು ಅಪ್ಪನಿಗಿಂತ ಹಟಮಾರಿ. ಮನಸ್ಸಿಗೆ ಪೂರ್ತಿ ಒಪ್ಪುವವರೆಗೆ ಪತ್ರಿಕೆಗೆ ಕಳಿಸುವುದಿಲ್ಲ ಎನ್ನುತ್ತಿದ್ದಳು. ಹಾಗಾಗಿ ಅವಳ ಹೆಸರಿನಲ್ಲಿ ಒಂದು ಸಮಸ್ಯೆಯೂ ಅಚ್ಚಾಗಲಿಲ್ಲ. ಹತ್ತೊಂಬತ್ತು ತುಂಬಿದ ವರ್ಷ ಹಾಲ್‌ನ ಟೀಪಾಯಿಯ ಮೇಲೆ ಒಂದನ್ನು ಕಟ್ಟುತ್ತಿದ್ದಳು. ಒಂದು ಸಂಜೆ ಊಟಕ್ಕೆ ಕೂತಾಗ, “ಇನ್ನೊಂದು ಕಾಯಿ ಬೇಕಪ್ಪಾ, ಅಷ್ಟೇ. ಯಾವುದು ಅಂತ ನಾಳೆ ಹೇಳ್ತೀನಿ” ಎಂದಳು. ಮರುದಿನ ಜ್ವರದಿಂದ ಏಳಲಿಲ್ಲ, ಮಾತಾಡುವಷ್ಟು ಎಚ್ಚರವೂ ಇರಲಿಲ್ಲ. ಆ ವಾರ ಮುಗಿಯುವುದರೊಳಗೆ ಅವಳಿರಲಿಲ್ಲ.

ಆ ಜ್ವರಕ್ಕೆ ಈಗ ಮಾತ್ರೆ ಬಂದಿದೆ. ಹುಡುಕಿದ್ದು ಅದೇ ಯಂತ್ರ. ಹಾಗಾಗಿ ಅದನ್ನು ಬಾಯ್ತುಂಬ ಬೈಯಲೂ ನನಗೆ ಆಗುವುದಿಲ್ಲ. ಸ್ವಲ್ಪ ಮೊದಲೇ ಬರಬಾರದಿತ್ತೇ ಎಂದು ಮಾತ್ರ ಅನ್ನಿಸುತ್ತದೆ. ಹಾಗೆ ಅನ್ನಿಸಿದ ದಿನ ಕೈಯಲ್ಲಿರುವ ಕೆಲಸ ಕೈಯಲ್ಲೇ ಉಳಿಯುತ್ತದೆ.

ಟೀಪಾಯಿಯ ಮೇಲಿನ ಹಲಗೆ ಅಲ್ಲಿಯೇ ಉಳಿಯಿತು. ವಾರಕ್ಕೊಮ್ಮೆ ನಾನು ಒಂದೊಂದೇ ಕಾಯಿ ಎತ್ತಿ, ಒರೆಸಿ, ಹಲಗೆಯ ಅದೇ ಮನೆಯಲ್ಲಿ ಇಡುತ್ತಿದ್ದೆ. ಇವರು ಅದರತ್ತ ತಿರುಗಿಯೂ ನೋಡುತ್ತಿರಲಿಲ್ಲ. ಆ ಕಡೆಯ ಕುರ್ಚಿಯಲ್ಲಿ ಕೂರುವುದನ್ನೇ ಬಿಟ್ಟಿದ್ದರು.

ಯಂತ್ರ ಬಂದು ಕೆಲವು ವರ್ಷಗಳಲ್ಲಿ ಸಮಸ್ಯೆ ಕಟ್ಟುವವರ ಪತ್ರಿಕೆಗಳು ಒಂದೊಂದಾಗಿ ನಿಂತವು. ಇವರ ಸ್ನೇಹಿತರಲ್ಲಿ ಕೆಲವರು ಹಲಗೆ ಅಟ್ಟಕ್ಕೆ ಹಾಕಿದರು. ಗದಗಿನ ಗುರುಬಸವಯ್ಯನವರ ‘ಚೌಕಳಿ’ ಒಂದೇ ಉಸಿರಾಡುತ್ತಿತ್ತು. ಅವರೂ ಸೋತು, ಇನ್ನೊಂದು ಸಂಚಿಕೆ ತಂದು ನಿಲ್ಲಿಸುತ್ತೇನೆ ಎಂದು ತಿಳಿಸಿದರು. ಈ ಜನರಲ್ಲಿ ಒಂದು ಪದ್ಧತಿ ಇದೆ. ಯಾರಾದರೂ ತೀರಿಕೊಂಡರೆ ಉಳಿದವರು ಹೊಸದೊಂದು ಸಮಸ್ಯೆ ಕಟ್ಟಿ ಅವರ ನೆನಪಿಗೆ ಅರ್ಪಿಸುತ್ತಾರೆ. ಹೂವಿನ ಬದಲು ಇದು. ಕೊನೆಯ ಸಂಚಿಕೆ ಪೂರ್ತಿ ಅಂಥ ನೆನಪಿನ ಸಂಚಿಕೆ ಎಂದು ಗುರುಬಸವಯ್ಯ ನಿಶ್ಚಯಿಸಿದ್ದರು. ಷರತ್ತು ಒಂದೇ. ಯಂತ್ರದ ಕಚೇರಿಗೆ ಸಮಸ್ಯೆ ಕಳಿಸಿ, ‘ನಮ್ಮಲ್ಲಿ ಇಲ್ಲ’ ಎಂಬ ಉತ್ತರ ತರಿಸಿರಬೇಕು. ಯಂತ್ರದ ಎಂಜಲನ್ನು ಸತ್ತವರಿಗೆ ಬಡಿಸುವುದಿಲ್ಲ ಎಂಬುದು ಅವರ ಸ್ವಾಭಿಮಾನ. ಎಲ್ಲೋ ಒಂದು ಅದರ ಕಣ್ಣು ತಪ್ಪಿರುತ್ತದೆ ಎಂದು ಆ ಮುದುಕರೆಲ್ಲ ನಂಬಿದ್ದರು. ಇವರೂ ನಂಬಿದರು.

ಇಂಚರಳ ಹೆಸರು ಒಮ್ಮೆಯಾದರೂ ಅಚ್ಚಾಗಬೇಕು ಎಂದು ಇವರು ಹಟ ಹಿಡಿದದ್ದು ಆಗಲೇ. ಆ ಸಂಚಿಕೆ ತಪ್ಪಿದರೆ ಇನ್ನು ಅಚ್ಚಾಗಲು ಪತ್ರಿಕೆಯೇ ಇರುವುದಿಲ್ಲ.

ಗಣಿಯ ಬಾಯಿಯ ಹತ್ತಿರ, ನೆಲದ ಮೇಲೆ, ಯಂತ್ರದ ನಿಯಂತ್ರಣ ಕೊಠಡಿ. ಅಲ್ಲಿ ಹೊರಗಿನವರ ಪ್ರಶ್ನೆಗಳನ್ನು ನೋಡಿಕೊಳ್ಳುವ ಹುಡುಗಿ ಸ್ಟೆಲ್ಲಾ. ಇಂಚರಳ ಜೊತೆ ಓದಿದವಳು. ನಮ್ಮ ಮನೆಯ ಉಪ್ಪಿನಕಾಯಿ ಜಾಡಿಗೆ ನೇರವಾಗಿ ಕೈ ಹಾಕುತ್ತಿದ್ದವಳು. ಇವರು ಸಮಸ್ಯೆ ಕಟ್ಟಿಕೊಂಡು ತಾವೇ ಸ್ಕೂಟರಿನಲ್ಲಿ ಹೋಗುತ್ತಿದ್ದರು. ಅವಳು ಕಾಯಿಗಳ ಜಾಗಗಳನ್ನು ಒತ್ತುತ್ತಿದ್ದಳು. ಪರದೆಯ ಮೇಲೆ ‘ಇದೆ’ ಎಂದು ಬರುತ್ತಿತ್ತು. ಕೆಳಗೆ ಯಂತ್ರದ ಪಟ್ಟಿಯ ಒಂದು ಉದ್ದನೆಯ ಸಂಖ್ಯೆ. ಇವರು ಸಂಖ್ಯೆಗೆ ನಮಸ್ಕಾರ ಹಾಕಿ ಹಿಂದಿರುಗುತ್ತಿದ್ದರು. ತಿಂಗಳುಗಟ್ಟಲೆ ಹೀಗೇ ನಡೆಯಿತು. ಪ್ರತಿಸಲವೂ ‘ಇದೆ’ ಎಂದು ಬಂದಾಗ ಪರದೆಯನ್ನು ಅವರ ಕಡೆ ತಿರುಗಿಸಲು ಮನಸ್ಸೇ ಬರುವುದಿಲ್ಲ ಆಂಟಿ ಎಂದು ಸ್ಟೆಲ್ಲಾ ನನ್ನ ಹತ್ತಿರ ಹೇಳಿಕೊಂಡಳು.

ಸಂಚಿಕೆಗೆ ಇನ್ನು ಕೆಲವೇ ದಿನ ಉಳಿದಿದ್ದಾಗ ಒಂದು ಭಾನುವಾರ ಇವರು ಟೀಪಾಯಿಯ ಎದುರಿನ ಆ ಕುರ್ಚಿಯಲ್ಲಿ ಕೂತರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಕಾಯಿಗಳನ್ನು ಮುಟ್ಟಲಿಲ್ಲ. ಮಧ್ಯಾಹ್ನದವರೆಗೆ ಬರೀ ಕಣ್ಣಿನಲ್ಲೇ ಆಡಿದರು. ಆಮೇಲೆ ನನ್ನನ್ನು ಕರೆದರು.

“ವೇಣಿ, ಇದು ಮುಗಿದಿದೆ ಕಣೇ. ಇನ್ಯಾವ ಕಾಯೂ ಬೇಕಾಗಿಲ್ಲ. ಕಪ್ಪು ಏನ್ ಮಾಡಿದ್ರೂ ಇದರಲ್ಲಿ ಉತ್ತರ ಇದೆ. ಇನ್ನೊಂದು ಕಾಯಿ ಅಂದಿದ್ದು ನನ್ನನ್ನ ಆಟ ಆಡ್ಸೋಕೆ.”

ಹೌದೆನಿಸಿತು ನನಗೂ. ಅಪ್ಪನನ್ನು ಆಟ ಆಡಿಸುವುದು ಅವಳಿಗೆ ದಿನದ ಊಟದಷ್ಟೇ ಮುಖ್ಯವಾಗಿತ್ತು. ಕಳ್ಳದಾರಿ ಇದೆಯೇ ಎಂದು ಫೋನಿನಲ್ಲಿ ಹಾಕಿ ನೋಡಿ ಎಂದೆ. ಅಂಥದ್ದಕ್ಕೆ ಸಣ್ಣ ಲೆಕ್ಕದ ಆ್ಯಪ್‌ಗಳು ಮೊದಲಿನಿಂದಲೂ ಇದ್ದವು, ಇವರೂ ಬಳಸುತ್ತಿದ್ದರು. ಅಂದು ನನ್ನ ಮೇಲೆ ರೇಗಿದರು. ಸತ್ತ ಮಗಳ ಕೆಲಸವನ್ನು ಪರೀಕ್ಷೆಗೆ ಹಚ್ಚುವ ಅಪ್ಪ ತಾನಲ್ಲ ಎಂದರು. ಸ್ಕೂಟರ್ ತೆಗೆದುಕೊಂಡು ಹೋದರು.

ಹೋದವರು ಹಿಂತಿರುಗುವಾಗ ಹಿಂದಿನ ಸೀಟಿನಲ್ಲಿ ಸ್ಟೆಲ್ಲಾ ಇದ್ದಳು. ಅವಳ ಕೈಯಲ್ಲಿ ಬೇಕರಿಯ ಕೇಕು. ಪರದೆಯ ಮೇಲೆ ‘ಇಲ್ಲ’ ಎಂದು ಬಂದಿತ್ತು. ಆ ಕೊಠಡಿಯಲ್ಲಿ ಆ ಪದ ಯಾರೂ ನೋಡಿರಲಿಲ್ಲವಂತೆ. ಇಬ್ಬರೂ ಅಳುತ್ತ ನಗುತ್ತ ಒಟ್ಟಿಗೇ ಮಾತಾಡುತ್ತಿದ್ದರು, ಯಾರು ಏನು ಹೇಳುತ್ತಿದ್ದಾರೆ ಎಂದು ನನಗೆ ತಿಳಿಯಲು ಹೊತ್ತು ಹಿಡಿಯಿತು. ಇವರು ಗುರುಬಸವಯ್ಯನವರಿಗೆ ಫೋನ್ ಮಾಡಿ, ನಮ್ಮ ಹುಡುಗಿ ಯಂತ್ರವನ್ನು ಸೋಲಿಸಿದಳು ಎಂದರು. ಸಲೂನಿನವನಿಗೂ ಕೇಕು ಕೊಟ್ಟರು. ಇಂಚರ ಹೋದಮೇಲೆ ಮೊದಲ ಸಲ ಅನ್ನ ಎರಡನೇ ಬಾರಿ ಹಾಕಿಸಿಕೊಂಡರು. ನನಗೂ ಸಂತೋಷವಾಯಿತು, ಸುಳ್ಳೇಕೆ ಹೇಳಲಿ. ಮಗಳ ಫೋಟೋದ ಮುಂದೆ ನಿಂತು, ನೋಡಿದೆಯಾ ನಿನ್ನ ಅಪ್ಪನ್ನ ಎಂದೆ.

ಮಾರನೆಯ ಬೆಳಿಗ್ಗೆ ಚಪಾತಿ ಲಟ್ಟಿಸುತ್ತಿದ್ದಾಗ ಇವರು ಹಿಂದೆ ಹೇಳಿದ ಮಾತು ಮನಸ್ಸಿಗೆ ಬಂತು. ಸರಿಯಾದದ್ದು ಒಂದೂ ಬಿಟ್ಟಿಲ್ಲ. ಲಟ್ಟಣಿಗೆ ನಿಂತಿತು. ಸರಿಯಾದದ್ದೆಲ್ಲ ಅದರ ಹತ್ತಿರ ಇದ್ದರೆ, ಅದರ ಹತ್ತಿರ ಇಲ್ಲದ್ದು ಸರಿಯಾಗಿರುವುದು ಹೇಗೆ? ಇದು ಇವರಿಗೆ ತಿಳಿಯದ್ದೇ? ದಿನಾ ಆ ಯಂತ್ರದ ಜೊತೆ ಇರುವ ಸ್ಟೆಲ್ಲಾಳಿಗೆ ತಿಳಿಯದ್ದೇ? ತಿಳಿಯದ್ದಲ್ಲ. ಆ ಒಂದು ಪದಕ್ಕಾಗಿ ಅಷ್ಟು ದಿನ ಕಾದು, ಅದು ಬಂದಾಗ ಯಾಕೆ ಬಂತೆಂದು ಕೇಳುವ ಮನಸ್ಸು ಯಾರಿಗೂ ಆಗಲಿಲ್ಲ ಅಷ್ಟೇ.

ತರಕಾರಿಗೆ ಎಂದು ಹೇಳಿ ಆಟೋ ಹತ್ತಿ ಗಣಿಗೆ ಹೋದೆ. ನಾನು ಕೇಳಿದ್ದಕ್ಕೆ ಸ್ಟೆಲ್ಲಾ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡಳು. ಆ ಯಂತ್ರವನ್ನು ಕೇಳುವ ಅಗತ್ಯವೂ ಇರಲಿಲ್ಲ, ಮೇಜಿನ ಮೇಲಿನ ಸಾಧಾರಣ ಕಂಪ್ಯೂಟರಿಗೇ ಹಲಗೆಯನ್ನು ಕೊಟ್ಟಳು. ಉತ್ತರ ತಕ್ಷಣ ಬಂತು. ಬಿಳಿ ರಾಣಿ ಎಡಗಡೆಯ ಅಂಚಿಗೆ ಸರಿದರೆ ಅಲ್ಲಿಂದಲೂ ರಾಜ ಸಿಕ್ಕಿಬೀಳುತ್ತಾನೆ. ಕಳ್ಳದಾರಿ.

ಸ್ಟೆಲ್ಲಾ ಅತ್ತಳು. ಕೇಕು ತಂದ ಕೈ ಸೇದಿಹೋಗಲಿ ಎಂದು ತನ್ನನ್ನೇ ಬೈದುಕೊಂಡಳು. ಆಮೇಲೆ, ಹೇಳುವುದು ಬೇಡ ಆಂಟಿ, ಅಚ್ಚಾಗಿ ಹೋಗಲಿ, ಕೊನೆಯ ಸಂಚಿಕೆಯನ್ನು ಯಾರು ನೋಡುತ್ತಾರೆ ಎಂದಳು. ನನಗೂ ಹಾಗೇ ಮಾಡುವ ಆಸೆ ಆಯಿತು. ಆದರೆ ಈ ಜನರನ್ನು ನಾನು ಬಲ್ಲೆ. ಅವರಿಗೆ ಇರುವುದು ಅದೊಂದೇ ಸಂಚಿಕೆ, ಹಲಗೆಯ ಒಂದೊಂದು ಮನೆಯನ್ನೂ ಕೆದಕಿ ನೋಡುತ್ತಾರೆ. ನನ್ನ ಮಗಳ ಹೆಸರು ಅಚ್ಚಾಗುವುದು ಒಂದೇ ಸಲ. ಆ ಒಂದು ಸಲವೂ ಅದರ ಕೆಳಗೆ ಕಳ್ಳದಾರಿ ಇದೆ ಎಂದು ಊರೂರಿನಿಂದ ಬರೆಯುವುದು ನನಗೆ ಬೇಡವಾಗಿತ್ತು. ಒಪ್ಪದ್ದನ್ನು ಕಳಿಸುವುದಿಲ್ಲ ಎಂದು ಕೂತಿದ್ದವಳು ಅವಳು.

ಮನೆಗೆ ಬಂದು ಹೇಳಿದೆ. ಅಂಗಡಿಯಲ್ಲಿ ಗಿರಾಕಿ ಇದ್ದರು, ಅವರನ್ನು ಕಳಿಸುವವರೆಗೆ ಕಾದೆ. ಹೇಗೆ ಹೇಳಿದೆನೋ ನೆನಪಿಲ್ಲ. ರಾಣಿ ಎಲ್ಲಿಗೆ ಹೋಗುತ್ತದೆ ಎಂದು ಮಾತ್ರ ಹೇಳಲಿಲ್ಲ. ಇವರು ಒಳಗೆ ಹೋಗಿ ಹಲಗೆಯ ಮುಂದೆ ಕೂತರು. ನನ್ನ ಕಣ್ಣೆದುರಿಗೇ ಅವರಿಗೆ ಸಿಕ್ಕಿತು. ರಾಣಿಯನ್ನು ಎತ್ತಿ ಅಂಚಿಗೆ ಇಟ್ಟು, ಮತ್ತೆ ಹಿಂದಕ್ಕೆ ತಂದು ಅದರ ಮನೆಯಲ್ಲಿ ಇಟ್ಟರು.

“ನಿಜಾನೇ ಹೇಳಿದ್ಲು ಅವಳು. ಇನ್ನೊಂದು ಕಾಯಿ ಬೇಕಿತ್ತು. ಇದನ್ನ ಮುಚ್ಚೋಕೆ. ಅವಳು ಇದನ್ನ ನೋಡಿದ್ಲು ವೇಣಿ. ನಾನು ನೋಡ್ಲಿಲ್ಲ. ಆಟ ಆಡಿಸ್ತಾಳೆ ಅಂದೆ ನನ್ ಮಗಳನ್ನ.”

ಗುರುಬಸವಯ್ಯನವರಿಗೆ ಇವರೇ ಫೋನ್ ಮಾಡಿ ಸಮಸ್ಯೆಯನ್ನು ಹಿಂದಕ್ಕೆ ತೆಗೆದುಕೊಂಡರು. ಅವರು, ನನ್ನ ಷರತ್ತನ್ನು ದಾಟಿ ಬರುವುದು ತಪ್ಪಿರುವ ಸಮಸ್ಯೆಗಳು ಮಾತ್ರ ಎಂದು ನನಗೂ ಹೊಳೆಯಲಿಲ್ಲವಲ್ಲ ಮುನಿರಾಜು ಎಂದರಂತೆ. ಆ ಸಂಚಿಕೆ ಬರಲೇ ಇಲ್ಲ.

ಅಚ್ಚಿನ ಆಸೆ ಅಲ್ಲಿಗೆ ಮುಗಿಯಿತು. ಆದರೆ ಇವರಿಗೆ ಹೊಸದೊಂದು ಹಿಡಿಯಿತು. ಆ ಇನ್ನೊಂದು ಕಾಯಿ ಯಾವುದು? ನಾಳೆ ಹೇಳುತ್ತೇನೆ ಎಂದಿದ್ದಳಲ್ಲ. ಅಂದರೆ ಅವಳು ಆಗಲೇ ಆರಿಸಿಕೊಂಡಿದ್ದಳು. ಅದೊಂದು ಗೊತ್ತಾದರೆ ಸಾಕು, ಅವಳ ಕೊನೆಯ ಮಾತನ್ನು ಕೇಳಿಸಿಕೊಂಡ ಹಾಗೆ ಎಂದರು. ನನಗೂ ಅದು ಬೇಕಾಗಿತ್ತು. ಅವಳ ಬಾಯಿಂದ ಬರದೆ ಉಳಿದ ಒಂದು ಮಾತು ಎಲ್ಲಿಯೋ ಇದೆ ಎಂದರೆ ಯಾವ ತಾಯಿಗೆ ಬೇಡ?

ಇಬ್ಬರೂ ನಿಯಂತ್ರಣ ಕೊಠಡಿಗೆ ಹೋದೆವು. ಇಂಚರ ಬಿಟ್ಟ ಹಲಗೆಗೆ ಒಂದೇ ಒಂದು ಕಾಯಿ ಸೇರಿಸಿ ಸರಿಮಾಡಿದ ಸಮಸ್ಯೆಗಳು ನಿನ್ನಲ್ಲಿ ಯಾವುವು ಇವೆ ಎಂದು ಸ್ಟೆಲ್ಲಾ ಯಂತ್ರವನ್ನು ಕೇಳಿದಳು. ಒಂದಾದ ಮೇಲೆ ಒಂದು ಹಲಗೆ ಪರದೆಯ ಮೇಲೆ ಬಂತು. ಎಲ್ಲವೂ ಅದರ ಹತ್ತಿರ ಇದ್ದವು. ಪ್ರತಿಯೊಂದಕ್ಕೂ ಒಂದು ಸಂಖ್ಯೆ. ಇವರು ಕನ್ನಡಕ ಒರೆಸಿಕೊಂಡು ಕೂತು ಒಂದೊಂದನ್ನೇ ತಳ್ಳುತ್ತ ಹೋದರು. ಆನೆಯನ್ನು ಸುಮ್ಮನೆ ಕಾವಲಿಗೆ ನಿಲ್ಲಿಸಿರುವುದು ಅವಳಲ್ಲ. ಒಂಟೆಯನ್ನು ಮೂಲೆಗೆ ತುರುಕಿರುವುದು ಅವಳಲ್ಲ, ಅದು ಸೋಮಾರಿಗಳ ಕೆಲಸ. ಇದರಲ್ಲಿ ಅಂದ ಕೆಟ್ಟಿದೆ, ಅವಳ ಕಣ್ಣಿಗೆ ಆಗುತ್ತಿರಲಿಲ್ಲ. ಅವಳಲ್ಲ, ಅವಳಲ್ಲ ಎನ್ನುವಾಗಲೆಲ್ಲ ಇವರ ಮುಖದಲ್ಲಿ ಒಂದು ಬೆಳಕು ಇರುತ್ತಿತ್ತು. ಮಗಳನ್ನು ಗುಂಪಿನಲ್ಲಿ ಹುಡುಕುತ್ತಿರುವ ಹಾಗಿತ್ತು. ನಾವು ಮತ್ತೆ ಮತ್ತೆ ಹೋದೆವು. ಕಡೆಗೆ ಎರಡು ಉಳಿದವು.

ಮನೆಗೆ ಬಂದು ಟೀಪಾಯಿಯ ಪಕ್ಕ ಅಂಗಡಿಯ ಹಲಗೆಯನ್ನೂ ಇಟ್ಟು ಎರಡನ್ನೂ ಜೋಡಿಸಿದರು. ಒಂದರಲ್ಲಿ ಎಡಗಡೆಯ ಅಂಚಿನಲ್ಲಿ ಕಪ್ಪು ಸಿಪಾಯಿ. ಇನ್ನೊಂದರಲ್ಲಿ ಆ ಅಂಚಿನಿಂದ ಸ್ವಲ್ಪ ದೂರದಲ್ಲಿ ಕಪ್ಪು ಕುದುರೆ. ಯಾವುದನ್ನು ಇಟ್ಟರೂ ರಾಣಿಯ ಕಳ್ಳದಾರಿ ಮುಚ್ಚುತ್ತದೆ. ಸಣ್ಣ ಕಾಯಿಯಿಂದ ಆಗುವ ಕೆಲಸಕ್ಕೆ ದೊಡ್ಡ ಕಾಯಿ ಹಾಕಬಾರದು ಎಂಬುದು ಇವರ ಜನರ ಮರ್ಯಾದೆ, ಆ ಲೆಕ್ಕದಲ್ಲಿ ಸಿಪಾಯಿ. ಆದರೆ ಕುದುರೆ ಇದ್ದರೆ ಅದು ನೆಗೆದಾಗ ಇನ್ನೊಂದು ಚೆಂದದ ಉತ್ತರ ಹುಟ್ಟುತ್ತದೆ. ಇಂಚರಳಿಗೆ ಕುದುರೆ ಎಂದರೆ ಪ್ರಾಣ. ಮರ್ಯಾದೆಗೆ ಬಗ್ಗುತ್ತಿದ್ದಳೋ, ಪ್ರೀತಿಗೆ ಬಗ್ಗುತ್ತಿದ್ದಳೋ? ಇವರು ಅದನ್ನೇ ನೋಡುತ್ತ ಎಷ್ಟೋ ಸಂಜೆ ಕೂತರು. ಒಂದು ಸಂಜೆ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

“ನೀನ್ ಹೇಳು ವೇಣಿ. ಆಟ ಬರಲ್ಲ ಅನ್ಬೇಡ. ನೀನು ಹೆತ್ತವಳು, ನಿನಗೆ ಗೊತ್ತಿರುತ್ತೆ. ಸಿಪಾಯಿ ಇಡ್ತಿದ್ಲಾ, ಕುದುರೆ ಇಡ್ತಿದ್ಲಾ?”

ನಾನು ನೋಡಿದೆ. ವಾರವಾರ ಒರೆಸಿದ ಕಾಯಿಗಳು, ಒಂದೊಂದರ ಗೀರೂ ಗೊತ್ತು. ಅವಳಿಗೆ ಯಾವ ಪಲ್ಯ ಸೇರುತ್ತದೆ, ಯಾವ ಬಣ್ಣ ಒಗ್ಗುವುದಿಲ್ಲ, ಕೋಪ ಬಂದರೆ ಯಾವ ಬಾಗಿಲು ಹಾಕಿಕೊಳ್ಳುತ್ತಾಳೆ ಎಂದು ಕೇಳಿದರೆ ನಿದ್ದೆಯಲ್ಲೂ ಹೇಳುತ್ತೇನೆ. ಅವಳು ಅಲ್ಲಿ ಕೂತು, ಗಲ್ಲಕ್ಕೆ ಕೈ ಕೊಟ್ಟು, ಏನು ಯೋಚಿಸುತ್ತಿದ್ದಳು ಎಂದು ನಾನು ಯಾವತ್ತೂ ಕೇಳಿರಲಿಲ್ಲ. ಅದನ್ನು ಕೇಳುವುದಕ್ಕೆ ಅವಳಪ್ಪ ಇದ್ದಾರೆ ಎಂದುಕೊಂಡಿದ್ದೆ. ಒಂದು ಹೆಸರು ಹೇಳಿಬಿಟ್ಟರೆ ಇವರಿಗೆ ಸಮಾಧಾನವಾಗುತ್ತಿತ್ತು. ಕುದುರೆ ಎನ್ನಲು ಬಾಯಿ ತೆರೆದೆ. ಅವಳ ಹೆಸರಿನಲ್ಲಿ ಸುಳ್ಳು ಹೇಳಲು ಬಾಯಿ ಬರಲಿಲ್ಲ.

“ಗೊತ್ತಿಲ್ಲ ರೀ,” ಎಂದೆ. “ನಿಮಗೆ ಗೊತ್ತಿರುತ್ತೆ ಅಂದ್ಕೊಂಡಿದ್ದೆ ನಾನು.”

“ನಾನು ನಿನಗೆ ಗೊತ್ತಿರುತ್ತೆ ಅಂದ್ಕೊಂಡಿದ್ದೆ,” ಎಂದರು.

ಅವಳು ಹೋದಂದಿನಿಂದ ಅವಳ ಅರ್ಧ ನನ್ನ ಹತ್ತಿರ, ಇನ್ನರ್ಧ ಇವರ ಹತ್ತಿರ ಭದ್ರವಾಗಿದೆ ಎಂಬ ಧೈರ್ಯದಲ್ಲಿ ನಾವಿಬ್ಬರೂ ಬದುಕಿದ್ದೆವು. ಸಿಪಾಯಿಯ ಸಮಸ್ಯೆಯೂ ಕುದುರೆಯ ಸಮಸ್ಯೆಯೂ ಗಣಿಯ ಆಳದಲ್ಲಿ ಇವೆ, ಎಂದೆಂದಿಗೂ ಇರುತ್ತವೆ. ಎರಡರಲ್ಲಿ ಒಂದನ್ನು ಬೆಳಿಗ್ಗೆ ಎದ್ದು ನಮಗೆ ಹೇಳಬೇಕಾಗಿದ್ದವಳು ಮಾತ್ರ ಅಲ್ಲೂ ಇಲ್ಲ, ನನ್ನ ಹತ್ತಿರವೂ ಇಲ್ಲ, ಇವರ ಹತ್ತಿರವೂ ಇಲ್ಲ. ಇವರು ನನ್ನ ಕೈ ಹಿಡಿದುಕೊಂಡರು. ನಮ್ಮ ಮಗಳು ತೀರಿಕೊಂಡಳು ಎಂದು ನಾವಿಬ್ಬರೂ ಒಟ್ಟಿಗೆ ಅತ್ತದ್ದು ಅಂದೇ ಮೊದಲು.